ಕೊಬ್ಬರಿ ಹತ್ತದ ವಿಮಾನ

ಮಧುಗಿರಿಯವರು ವಿಮಾನ ಹತ್ತಬೇಕೆಂದರೆ ಮೊದಲು ಕೊರಟಗೆರೆ ದಾಟಬೇಕು. ಆಮೇಲೆ ಡಾಬಸ್‌ಪೇಟೆ, ಅಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರ, ಅದಾದ ಮೇಲೆ ದೇವನಹಳ್ಳಿ. ಲಾರಿಗಳ ಹಿಂದೆ ಧೂಳು ಕುಡಿದು ಇಷ್ಟು ದೂರ ಮುಟ್ಟಿದರೆ ಪ್ರಯಾಣದ ಕಷ್ಟದ ಭಾಗ ಮುಗಿದ ಹಾಗೇ. ಉಳಿದದ್ದೇನು, ಕುರ್ಚಿಯಲ್ಲಿ ಕೂತು ದುಬೈ ಮುಟ್ಟುವುದು ತಾನೇ?

ಕಂಪನಿ ಕೆಲಸದ ಮೇಲೆ ಹೀಗೆ ಓಡಾಡಿಯೇ ತಲೆ ಹಣ್ಣಾದವನು ನಾನು. ಊರಿಗೆ ಬಂದಾಗೆಲ್ಲ ಕಾಂಪೌಂಡಿನ ಆಚೆಯಿಂದ ಮೇಷ್ಟ್ರ ವಿಚಾರಣೆ ಇದ್ದದ್ದೇ. ಪಾವಗಡದ ಕಡೆಯವರು, ರಿಟೈರ್ ಆದ ಮೇಲೆ ಮಧುಗಿರಿಯಲ್ಲಿ ಮನೆ ಕಟ್ಟಿಸಿಕೊಂಡವರು. ಪಾವಗಡದವರಾದ್ದರಿಂದ ಗಿಡಕ್ಕೂ ಚೊಂಬಿನಲ್ಲಿ ಅಳೆದೇ ನೀರು ಹಾಕುತ್ತಾರೆ. ಮಾತಿಗೆ ಮಾತ್ರ ಅಳತೆಯಿಲ್ಲ.

"ಈ ಸಲ ಯಾವ ಏರ್‌ಪೋರ್ಟು ಸಾರ್?"

"ಆಮ್‌ಸ್ಟರ್‌ಡ್ಯಾಮ್ ಮೇಷ್ಟ್ರೇ. ಸ್ಕಿಪೋಲ್ ಅಂತ. ಸಮುದ್ರ ಮಟ್ಟಕ್ಕಿಂತ ಮೂರು ಮೀಟರ್ ಕೆಳಗಿದೆ. ಮೊದಲು ಅಲ್ಲೊಂದು ದೊಡ್ಡ ಸರೋವರ ಇತ್ತಂತೆ. 1852ರ ಹೊತ್ತಿಗೆ ನೀರೆಲ್ಲ ಪಂಪ್ ಮಾಡಿ ಖಾಲಿ ಮಾಡಿದರು. ಈಗ ಅದರ ತಳದಲ್ಲಿ ವಿಮಾನ ಇಳಿಯುತ್ತೆ."

ಮೇಷ್ಟ್ರು ಚೊಂಬು ಗೋಡೆಯ ಮೇಲಿಟ್ಟರು. "ಅಲ್ಲ ಸಾರ್, ಒಣಗಿದ ಕೆರೆಯಾಗೆ ಏರ್‌ಪೋರ್ಟ್ ಕಟ್ಟೋದಾದ್ರೆ ನಮ್ ತಾಲೂಕಲ್ಲಿ ಎಷ್ಟು ಕಟ್ಬೋದು ಲೆಕ್ಕ ಹಾಕಿ! ನಾವ್ ಪಂಪೂ ಇಕ್ಕಂಗಿಲ್ಲ."

ಇಂಥವರಿಗೆ ಏರ್‌ಪೋರ್ಟಿನ ಬಣ್ಣನೆ ಒಪ್ಪಿಸುವುದು ಕಷ್ಟ. ದೋಹಾದಲ್ಲಿ ನಡುಮಧ್ಯೆ ಏಳು ಮೀಟರ್ ಎತ್ತರದ ಹಳದಿ ಕರಡಿಗೊಂಬೆ ಕೂರಿಸಿದ್ದಾರೆ, ಅದರ ತಲೆಗೆ ದೀಪ ಸಿಕ್ಕಿಸಿದ್ದಾರೆ, ಮಕ್ಕಳೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ ಅಂದೆ. ಕರಡಿ ಅಂದರೆ ಕತ್ತಲಾದ ಮೇಲೆ ಹೊಲದ ಕಡೆ ಹೋಗಬೇಡಿ ಅನ್ನೋ ಊರು ನಮ್ಮದು. "ದುಡ್ಡು ಕೊಟ್ಟು ತಂದ್ ಮಡಿಕ್ಕಂಡವ್ರಾ?" ಎಂದು ಕೇಳಿ ಮುಗಿಸಿಬಿಟ್ಟರು.

ಅವರು ನಿಜವಾಗಿ ಮನಸ್ಸಿಟ್ಟು ಕೇಳಿದ್ದು ಸಿಂಗಪುರದ ಸಂಗತಿ. ಅಲ್ಲಿಯ ಚಾಂಗಿ ವಿಮಾನ ನಿಲ್ದಾಣದಲ್ಲಿ 2019ರಲ್ಲಿ ಜ್ಯುವೆಲ್ ಅಂತ ಒಂದು ಗಾಜಿನ ಗುಮ್ಮಟ ಕಟ್ಟಿದರು. ಅದರ ನೆತ್ತಿಯಿಂದ 40 ಮೀಟರ್ ಜಲಪಾತ ಕಟ್ಟಡದ ಒಳಗೇ ಧುಮುಕುತ್ತದೆ. ಮೇಷ್ಟ್ರಿಗೆ ನೀರಿನ ಎತ್ತರ ಮುಖ್ಯವಾಗಲಿಲ್ಲ. "ಟಿಕೆಟ್ ಇಲ್ದೆ ನೋಡ್ಬೋದಾ?" ಅಂದರು. ನೋಡಬಹುದು, ಯಾರು ಬೇಕಾದರೂ ಹೋಗಬಹುದು, ಆ ಊರಿನವರು ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ ಅಂದೆ. "ಹಂಗಾದ್ರೆ ಅದು ಒಳ್ಳೆ ಏರ್‌ಪೋರ್ಟು" ಎಂದು ತೀರ್ಪು ಕೊಟ್ಟರು.

ಬಹಳ ಏರ್‌ಪೋರ್ಟು ಕಂಡ ನನಗೂ ಕೊನೆಗೆ ಅದೇ ಸರಿ ಅನಿಸಿದೆ. ಒಳಗಿನ ಅಮೃತಶಿಲೆ, ಸೆಂಟಿನ ಅಂಗಡಿ, ಬಂಗಾರದ ಬಿಸ್ಕತ್ತು ಎಲ್ಲ ಕಡೆ ಒಂದೇ. ಕಣ್ಣು ಕಟ್ಟಿ ಬಿಟ್ಟರೆ ಯಾವ ದೇಶ ಅಂತ ಗೊತ್ತಾಗುವುದಿಲ್ಲ. ಬೀಳ್ಕೊಡಲು ಬಂದವರನ್ನು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದರಲ್ಲಿದೆ ವ್ಯತ್ಯಾಸ. ಫ್ರಾಂಕ್‌ಫರ್ಟಿನಲ್ಲಿ ಅಜ್ಜಿ ಮೊಮ್ಮಗನ ಜೊತೆ ಕೌಂಟರಿನ ತನಕ ಬಂದು, ಲಗೇಜು ಬೆಲ್ಟಿನ ಮೇಲೆ ಹೋಗುವುದನ್ನು ಕಣ್ಣಾರೆ ನೋಡಿ, ಒಟ್ಟಿಗೆ ಕಾಫಿ ಕುಡಿದು ಕಳಿಸಿಕೊಡುತ್ತಾಳೆ. ನಮ್ಮಲ್ಲಿ ಬಾಗಿಲಲ್ಲೇ ಸಿಐಎಸ್ಎಫ್ ಜವಾನ ಟಿಕೆಟ್ಟೂ ಆಧಾರ್ ಕಾರ್ಡೂ ನೋಡುತ್ತಾನೆ. 2022ರ ಡಿಸೆಂಬರ್‌ನಲ್ಲಿ ಡಿಜಿಯಾತ್ರಾ ಬಂದಾಗಿನಿಂದ ಕ್ಯಾಮೆರಾಗೆ ಮುಖ ತೋರಿಸಿದರೂ ಬಾಗಿಲು ತೆರೆಯುತ್ತದೆ. ಟಿಕೆಟ್ ಇಲ್ಲದ ಮುಖಕ್ಕೆ ಮಾತ್ರ ತೆರೆಯುವುದಿಲ್ಲ. ಭದ್ರತೆಗೆ ಕಾರಣಗಳಿವೆ, ಇಲ್ಲ ಅನ್ನುವುದಿಲ್ಲ. ಆದರೆ ಒಬ್ಬನನ್ನು ಕಳಿಸಲು ಹದಿನಾಲ್ಕು ಜನ ಟಿಟಿಯಲ್ಲಿ ಬರುವ ಸೀಮೆ ನಮ್ಮದು. ದೇವನಹಳ್ಳಿಯ ಎರಡನೇ ಟರ್ಮಿನಲ್ಲಿನ ಒಳಗೆ ಬಿದಿರಿನ ಚಾವಣಿ, ತೂಗುಬಿಟ್ಟ ತೋಟ, ಜಗತ್ತೇ ಹೊಗಳಿದ ಚೆಂದ ಎಲ್ಲ ಇದೆ. ಟಿಟಿಯಲ್ಲಿ ಬಂದ ಅತ್ತೆಯೋ ದೊಡ್ಡಪ್ಪನೋ ಅದನ್ನು ಕಂಡದ್ದು ಗಾಜಿಗೆ ಹಣೆ ಆನಿಸಿಕೊಂಡು. ಅವರು ಕಣ್ತುಂಬ ನೋಡಿ ಬಂದದ್ದು ಹೊರಗೆ ನಿಂತಿರುವ 108 ಅಡಿಯ ಕೆಂಪೇಗೌಡರನ್ನು.

ಆ ರಸ್ತೆಬದಿಯ ಹತ್ತು ನಿಮಿಷವನ್ನು ನಿಂತು ನೋಡಬೇಕು ನೀವು. ಶಿಳ್ಳೆ ಊದುವವನು "ಗಾಡಿ ತೆಗೀರಿ, ಗಾಡಿ ತೆಗೀರಿ" ಅಂತಲೇ ಇರುತ್ತಾನೆ. ಇತ್ತ ಒಬ್ಬಳು ಸೂಟ್‌ಕೇಸಿಗೆ ಕುಂಕುಮ ಹಚ್ಚುತ್ತಾಳೆ. ದಂಡಿನ ಮಾರಮ್ಮನ ನಿಂಬೆಹಣ್ಣು ಹುಡುಗನ ಪ್ಯಾಂಟಿನ ಜೇಬಿಗೆ ಇಳಿಯುತ್ತದೆ. ತೂಕ ಜಾಸ್ತಿಯಾಯಿತೆಂದು ಯಾರೋ ಅಲ್ಲೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ರಾಗಿಹಿಟ್ಟು ಉಳಿಸಿಕೊಂಡು ಜೀನ್ಸ್ ಪ್ಯಾಂಟು ವಾಪಸ್ ಕಳಿಸುತ್ತಾರೆ. ಸರಿಯಾದ ನಿರ್ಧಾರ. ಪ್ಯಾಂಟು ಅಲ್ಲಿಯೂ ಸಿಗುತ್ತದೆ.

ಗಂಟುಮೂಟೆಯ ಮಾತು ಬಂತು ಅಂದರೆ ಕೊಬ್ಬರಿಯ ಕಥೆ ಹೇಳಲೇಬೇಕು. ಮೇಷ್ಟ್ರ ಮಗ ಇರುವುದು ಅಮೆರಿಕದಲ್ಲಿ. ನಾನು ಆ ಕಡೆ ಹೊರಟಿದ್ದು ತಿಳಿದು ಅವರ ಮನೆಯಾಕೆ ಗೋಡೆಯ ಮೇಲಿಂದ ಒಂದು ಚೀಲ ದಾಟಿಸಿದರು. ಹುಚ್ಚೆಳ್ಳು ಪುಡಿ, ಹುಣಸೆಹಣ್ಣು, ಹುರಿದ ಕಡಲೆಕಾಯಿ ಬೀಜ, ಕೊಬ್ಬರಿ ಗಿಟುಕು, ಮೇಲೊಂದು ಕಟ್ಟು ಕರಿಬೇವು. "ನಿಮಗೆ ಭಾರ ಆದ್ರೆ ಬ್ಯಾಡಿ ಅಣ್ಣ" ಅಂದರು. ಹಾಗಂದ ಮೇಲೆ ಬೇಡ ಅನ್ನುವುದುಂಟೆ?

ಕೌಂಟರಿನಲ್ಲಿ ಹುಡುಗಿ ಪರದೆ ನೋಡಿ, "ಸರ್, ಈ ಬ್ಯಾಗಲ್ಲಿ ಕೋಪ್ರಾ ಇದೆ" ಎಂದಳು.

"ಕೊಬ್ಬರಿ ಕಣಮ್ಮ, ಒಬ್ಬಟ್ಟಿಗೆ."

"ಅದೇ ಸರ್. ಡೇಂಜರಸ್ ಗೂಡ್ಸ್."

ಹುಡುಗಿ ಹೇಳಿದ್ದು ಖರೆ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಗಾಳಿಯಾಡದೆ ಒತ್ತಿಟ್ಟರೆ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೊಂದು ನಂಬರೇ ಇದೆ, ಯುಎನ್ 1363. ನಮ್ಮಲ್ಲೂ 2022ರಿಂದ ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ಹಾಗಾದರೆ ಚೀಲದ ಮೇಲೆ ಚೀಲ ಒಟ್ಟಿಕೊಂಡು ಕೂತಿರುವ ತಿಪಟೂರು ಮಾರುಕಟ್ಟೆಯನ್ನು ಏನೆಂದು ಕರೆಯಬೇಕೋ! ಹುಡುಗಿ ಮಾತ್ರ ಒಳ್ಳೆಯವಳು. "ಹೊರಗೆ ಯಾರಾದ್ರೂ ಇದ್ರೆ ಕೊಟ್ಬಿಡಿ ಸರ್, ಕಸಕ್ಕೆ ಹಾಕೋಕೆ ನಂಗೂ ಮನಸಿಲ್ಲ" ಅಂದಳು. ಬಾಗಿಲಿನ ಜವಾನನಿಗೆ ಹೇಳಿ ಕೇಳಿ ಗಿಟುಕನ್ನು ಡ್ರೈವರಿಗೆ ದಾಟಿಸಿದ್ದಾಯಿತು. ನಾನು ದುಬೈನಲ್ಲಿ ವಿಮಾನ ಬದಲಾಯಿಸುವ ಹೊತ್ತಿಗೆ ಅದು ಕೊರಟಗೆರೆ ದಾಟಿ ಮಧುಗಿರಿ ಮುಟ್ಟಿತ್ತಂತೆ.

ಕರಿಬೇವಿಗೆ ಅಷ್ಟು ಅದೃಷ್ಟ ಇರಲಿಲ್ಲ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಜೋಲುಕಿವಿಯ ಬೀಗಲ್ ನಾಯಿಗಳ ಒಂದು ಪಡೆಯೇ ಇದೆ, 1984ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದದ್ದು. ಕಚ್ಚುವುದಿಲ್ಲ, ಬೊಗಳುವುದಿಲ್ಲ. ನಿಮ್ಮ ಚೀಲ ಮೂಸಿ ಪಕ್ಕದಲ್ಲಿ ಕೂತುಬಿಡುತ್ತದೆ, ಅಷ್ಟೆ. ಕೂತಿತು ಅಂದರೆ ಮುಗಿಯಿತು. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೇ ಸೇರಿದ ಗಿಡ. ಅದರ ಎಲೆಯ ಮೇಲೆ ಬರುವ ಸಣ್ಣದೊಂದು ಹುಳ ಕಿತ್ತಳೆ ತೋಟಗಳಿಗೆ ರೋಗ ಹತ್ತಿಸುತ್ತದೆಂದು ಹಸಿ ಎಲೆಗೆ ಅಲ್ಲಿ ಪ್ರವೇಶವಿಲ್ಲ. ನಾಯಿ ನನ್ನ ಕಾಲಬುಡದಲ್ಲಿ ಕೂತು ಮೇಲೆ ನೋಡಿತು. ನಾನೂ ಅದನ್ನು ನೋಡಿದೆ. ಫಾರಂನಲ್ಲಿ ಮೊದಲೇ ಬರೆದುಕೊಟ್ಟಿದ್ದರಿಂದ ದಂಡ ಬೀಳಲಿಲ್ಲ, ಸೊಪ್ಪು ಬುಟ್ಟಿ ಸೇರಿತು. ಹುಣಸೆಹಣ್ಣನ್ನು ಅಧಿಕಾರಿ ತಿರುಗಿಸಿ ಮುರುಗಿಸಿ ನೋಡಿ ಬಿಟ್ಟ.

ಇದನ್ನೆಲ್ಲ ವರದಿ ಒಪ್ಪಿಸಿದಾಗ ಮೇಷ್ಟ್ರಿಗೆ ಕೊಬ್ಬರಿಯದೇ ಚಿಂತೆ. "2024ರಲ್ಲಿ ಶಬರಿಮಲೆಗೆ ಹೋಗೋರು ಇರುಮುಡಿ ತೆಂಗಿನಕಾಯಿ ವಿಮಾನದ ಒಳಗೇ ತಗೊಂಡ್ ಹೋಗ್ಬೋದು ಅಂತ ಬಿಟ್ಟಿದ್ರಲ್ಲ?" ಬಿಟ್ಟಿದ್ದರು, 2025ರ ಜನವರಿ 20ರ ತನಕ. "ಅಯ್ಯಪ್ಪನ ಮಾತು ಕೇಳ್ತಾರೆ. ನಮ್ ಪಾವಗಡದ ಶನಿಮಹಾತ್ಮನ ಕೈಲಿ ಒಂದ್ ಮಾತು ಹೇಳ್ಸಿದ್ರೆ ಕೊಬ್ಬರಿಗೂ ಬಿಡ್ಬೋದೇನೋ!"

ಪಾವಗಡಕ್ಕೆ ಹತ್ತಿರದ ರನ್‌ವೇ ಎಲ್ಲಿದೆ ಗೊತ್ತೆ? ದೇವನಹಳ್ಳಿಯಲ್ಲಲ್ಲ, ಗಡಿಯಾಚೆ ಪುಟ್ಟಪರ್ತಿಯಲ್ಲಿ. 1990ರಲ್ಲಿ ಸಾಯಿಬಾಬಾ ಅವರ ಟ್ರಸ್ಟಿನವರು ಕಟ್ಟಿಸಿದ್ದು. ಜಿಲ್ಲಾಕೇಂದ್ರಕ್ಕೆ ಒಳ್ಳೆ ಬಸ್ಸಿಲ್ಲದ ಕಾಲದಲ್ಲೇ ನಮ್ಮ ಪಕ್ಕದಲ್ಲಿ ಭಕ್ತರಿಗಾಗಿ ವಿಮಾನ ಇಳಿಯುತ್ತಿತ್ತು. ಅದನ್ನು ನೋಡಲೆಂದೇ ಸೈಕಲ್ ಹತ್ತಿ ಹೋದ ಶಿಷ್ಯರು ಮೇಷ್ಟ್ರಿಗೆ ಇದ್ದರಂತೆ. ವಾಪಸ್ ಬಂದ ಮೇಲೆ ಬೆತ್ತದ ರುಚಿಯನ್ನೂ ನೋಡಿದರಂತೆ.

ಈಗ ಶಿರಾದವರ ಸರದಿ. ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬೇಕೆಂಬ ಮಾತು ಶುರುವಾಗಿದ್ದೇ ತಡ, ನಮ್ಮ ಕಡೆಗೆ ಕೊಡಿ ಎಂದು ಶಿರಾ ಶಾಸಕ ಟಿ.ಬಿ. ಜಯಚಂದ್ರ ಪಟ್ಟು ಹಿಡಿದರು. ಆದರೆ 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿದ್ದು ಕನಕಪುರ ರಸ್ತೆಯ ಎರಡು ಜಾಗ, ನೆಲಮಂಗಲ–ಕುಣಿಗಲ್ ಕಡೆಯ ಒಂದು ಜಾಗ. ಸಾಲದ್ದಕ್ಕೆ ದೇವನಹಳ್ಳಿಯವರ ಜೊತೆಗಿನ ಕರಾರಿನ ಪ್ರಕಾರ 2033ರ ತನಕ 150 ಕಿಲೋಮೀಟರ್ ಒಳಗೆ ಇನ್ನೊಂದು ಬರುವಂತಿಲ್ಲ. ಶಿರಾ ಆ ಗೆರೆಯ ಒಳಗೇ ಇದೆ. ಆದರೂ ಶಿರಾದ ನನ್ನ ಭಾವಮೈದ ಸೋಲುವವನಲ್ಲ. 1687ರಲ್ಲಿ ಮೊಗಲರ ಖಾಸಿಂ ಖಾನ್ ಬೆಂಗಳೂರನ್ನು ಹಿಡಿದು ಚಿಕ್ಕದೇವರಾಜರಿಗೆ ಮಾರಿದನಲ್ಲ, ಸುಬೇದಾರಿಗೆ ಅವನು ಇಟ್ಟುಕೊಂಡದ್ದು ಶಿರಾವನ್ನೇ, ಆದ್ದರಿಂದ ಏರ್‌ಪೋರ್ಟು ನಮ್ಮ ಹಕ್ಕು ಎನ್ನುತ್ತಾನೆ. ವಾದ ಚೆನ್ನಾಗಿದೆ. ದೆಹಲಿಯ ಫೈಲಿನಲ್ಲಿ ಎಲ್ಲಿ ಸೇರಿಸಬೇಕೋ ತಿಳಿಯದು.

ಮೇಷ್ಟ್ರು ಮಾತ್ರ ಈ ವಿಷಯದಲ್ಲಿ ಹುಷಾರು. ತಿರುಮಣಿ ಕಡೆ ಅವರದೂ ಒಂದಿಷ್ಟು ಜಮೀನು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಗಿದೆ. ದೇವನಹಳ್ಳಿ ನಿಲ್ದಾಣದ್ದು ಸುಮಾರು 4,000 ಎಕರೆ ಅಂದೆ. "ಹಂಗಾದ್ರೆ ನಮ್ ಕರೇ ಹಲಗೆ ಹಾಸಿರೋ ಜಾಗದಾಗೆ ಮೂರು ಏರ್‌ಪೋರ್ಟು" ಎಂದು ಬೆರಳು ಮಡಚಿದರು. ಆಮೇಲೆ ದನಿ ತಗ್ಗಿಸಿ, "ಸೋಲಾರ್‌ನೋರು ಗುತ್ತಿಗೆ ಅಂದ್ರು. ಎಕರೆಗೆ ವರ್ಷಕ್ಕೆ 21,000 ಅಂತ ಶುರು ಮಾಡಿದ್ರು. ಪಹಣಿ ಇನ್ನೂ ನಮ್ ಹೆಸರಲ್ಲೇ ಐತೆ. ಏರ್‌ಪೋರ್ಟ್‌ನೋರೂ ಗುತ್ತಿಗೆಗೆ ತಗೊಂತಾರಾ?"

"ಇಲ್ಲ ಮೇಷ್ಟ್ರೇ, ಪೂರ್ತಿ ಸ್ವಾಧೀನ. ದೇವನಹಳ್ಳಿ ಪಕ್ಕದ ಚನ್ನರಾಯಪಟ್ಟಣ ಹೋಬಳಿಯವರು ಏರೋಸ್ಪೇಸ್ ಪಾರ್ಕಿಗೂ 1,777 ಎಕರೆ ಬಿಡೋದಿಲ್ಲ ಅಂತ ವರ್ಷಗಟ್ಟಲೆ ಧರಣಿ ಕೂತಿದ್ದು ಸುಮ್ಮನೇನಾ? 2025ರ ಜುಲೈನಲ್ಲಿ ಸರ್ಕಾರವೇ ಕೈಬಿಡಬೇಕಾಯ್ತು."

"ಹಂಗಾರೆ ನಿಮ್ ಭಾವಮೈದನಿಗೆ ಹೇಳಿ, ಶಿರಾದಾಗೇ ಇಕ್ಕಳ್ಳಿ. ಬಾಗಿಲಾಗೆ ಟಿಕೆಟ್ ಕೇಳ್ಬಾರ್ದು, ಕೊಬ್ಬರಿ ಬಿಡ್ಬೇಕು. ಅಷ್ಟು ಕರಾರು ಬರೆಸ್ಕಂಡ್ರೆ ನಾವೂ ಒಂದಿನ ಟಿಟಿ ಮಾಡ್ಕಂಡು ನೋಡಕ್ ಬರ್ತೀವಿ."