ಗಾಜಿನ ಕಡಲಿನ ನಿವಾಸಿಯೊಡನೆ

ಸಮುದ್ರಮಟ್ಟಕ್ಕಿಂತ 400 ಮೀಟರಿನಷ್ಟು ಎತ್ತರದಲ್ಲಿ ನೆಲೆಸಿ, ಪಾಲ್ಘಾಟಿನ ಕಣಿವೆಯಿಂದ ನುಗ್ಗಿಬರುವ ಪಡುವಣ ಗಾಳಿಯೊಂದನ್ನು ಬಿಟ್ಟರೆ ಕಡಲಿನ ಸಂಬಂಧವನ್ನೇ ಅರಿಯದ ಕೊಯಮತ್ತೂರಿನಲ್ಲಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ದೇವಾಂಗ ಗೃಹಸ್ಥರೊಬ್ಬರ ನಡುಮನೆಯೇ ಈ ಸಂದರ್ಶನದ ಸ್ಥಳ. ಗೃಹಸ್ಥರಿಗೆ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯುಂಟು. ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯುಂಟು. ತೊಟ್ಟಿಯೊಳಗೆ, ಅಂಗಡಿಯವರು ಸೀ ಅರ್ಚಿನ್ ಎಂದು ಕರೆಯುವ, ನೀಳವಾದ ಕರಿಯ ಮುಳ್ಳುಗಳ ಒಂದು ಕಡಲ ಮುಳ್ಳುಚೆಂಡು ಉಂಟು. ಸಂದರ್ಶನವೀಯುವವರ ಬಾಯಿಯು ಒಡಲಿನ ಅಡಿಯಲ್ಲಿರುವುದರಿಂದ ಸಂಭಾಷಣೆ ಹೇಗೆ ಸಾಗೀತೆಂದು ನಾವು ಶಂಕಿಸಿದ್ದೆವು. ಆದರೆ ಅವರು ಗಾಜಿನ ಗೋಡೆಯನ್ನೇರಿ, ನೂರಾರು ಕೊಳವೆಗಾಲುಗಳಿಂದ ಅದಕ್ಕೆ ಅಂಟಿ ನಿಂತು, ಐದು ಹಲ್ಲುಗಳ ಆ ಬಾಯನ್ನು ನೇರವಾಗಿ ನಮ್ಮತ್ತ ತಿರುಗಿಸಿದರು.

ನಾವು: ಈ ಊರಿಗೆ ತಾವು ಬಿಜಯಂಗೈದ ಬಗೆಯನ್ನು ಅಪ್ಪಣೆ ಕೊಡಿಸಬೇಕು.

ಮುಳ್ಳುಚೆಂಡು: ಪ್ಲಾಸ್ಟಿಕ್ ಚೀಲದಲ್ಲಿ ಬಂದೆ, ಸ್ವಾಮಿ. ಬಂದವನನ್ನು ಈ ಗೃಹಸ್ಥರು ಒಮ್ಮೆಗೇ ತೊಟ್ಟಿಗೆ ಸುರಿಯದೆ, ಸಣ್ಣ ಕೊಳವೆಯೊಂದರಿಂದ ತೊಟ್ಟಿಯ ನೀರನ್ನು ಚೀಲದ ನೀರಿಗೆ ಹನಿಹನಿಯಾಗಿ ಬೆರೆಸಿ, ಎರಡೂ ಸಮನಾದ ಬಳಿಕವೇ ಒಳಕ್ಕೆ ಬಿಟ್ಟರೆಂಬುದನ್ನು ಕೃತಜ್ಞತಾಪೂರ್ವಕವಾಗಿ ಸ್ಮರಿಸುತ್ತೇನೆ. ತಮಗಾದರೋ ಮೂತ್ರಪಿಂಡಗಳುಂಟು, ಊಟದಲ್ಲಿ ಉಪ್ಪು ತುಸು ಏರಿದರೂ ಇಳಿದರೂ ಅವು ಒಳಗಿನ ಲೆಕ್ಕವನ್ನು ಸರಿದೂಗಿಸುತ್ತವೆ. ನಮಗೆ ಆ ಸೌಕರ್ಯವಿಲ್ಲ. ಹೊರಗಿನ ನೀರಿನಲ್ಲಿ ಲವಣವೆಷ್ಟೋ ನಮ್ಮೊಳಗಿನ ದ್ರವದಲ್ಲಿಯೂ ಅಷ್ಟೇ. ಆದುದರಿಂದ ನೀರು ಕೆಟ್ಟರೆ ನಾವೂ ಕೆಟ್ಟೆವು. ನಮ್ಮ ಮುಳ್ಳುಗಳು ಉದುರತೊಡಗಿದುವೆಂದರೆ ಯಜಮಾನರು ನೀರಿನ ಪರೀಕ್ಷೆಗೆ ತೊಡಗತಕ್ಕದ್ದು.

ನಾವು: ಸಿರುವಾಣಿ ಹೊಳೆಯ ನೀರನ್ನು ಲೋಕದಲ್ಲಿಯೇ ಸಿಹಿಯಾದವುಗಳಲ್ಲೊಂದೆಂದು ಈ ಊರಿನವರು ಕೊಂಡಾಡುತ್ತಾರೆ. ತಮಗೆ ರುಚಿಸಿತೆ?

ಮುಳ್ಳುಚೆಂಡು: ಅದರಲ್ಲಿ ಬಿಟ್ಟರೆ ನನಗೆ ಅಲ್ಲಿಗೇ ಮಂಗಳ. ಊರೆಲ್ಲ ಹೊಗಳುವ ಆ ನೀರನ್ನು ಯಜಮಾನರು ಆರ್‌ಓ ಯಂತ್ರಕ್ಕೆ ಹಾಕಿ, ಹೊಗಳಿಕೆಗೆ ಕಾರಣವಾದುದೆಲ್ಲವನ್ನೂ ಸೋಸಿ ತೆಗೆದು, ಬಳಿಕ ಕಾಸು ಕೊಟ್ಟು ತಂದ ಸಮುದ್ರಲವಣವನ್ನು ಲೀಟರಿಗೆ 35 ಗ್ರಾಮಿನಂತೆ ಕಲಸುತ್ತಾರೆ. ಅಡುಗೆಯುಪ್ಪು ಸಾಲದು, ನನ್ನ ಕವಚವೂ ಮುಳ್ಳುಗಳೂ ಸುಣ್ಣದವಾದುದರಿಂದ ಕ್ಯಾಲ್ಸಿಯಮ್ಮೂ ಮೆಗ್ನೀಸಿಯಮ್ಮೂ ತಕ್ಕ ಪ್ರಮಾಣದಲ್ಲಿರಬೇಕು. ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25 ಡಿಗ್ರಿ. ಏಪ್ರಿಲ್ ಬಂತೆಂದರೆ ಮನೆಯವರೆಲ್ಲ ಬೀಸಣಿಗೆಯಡಿಯಲ್ಲಿ ಬೆವರುತ್ತಿರುವಾಗ ನನಗೊಬ್ಬನಿಗೆ ಶೀತಲಯಂತ್ರ. ಇನ್ನೊಂದು ಸೂಕ್ಷ್ಮವುಂಟು: ತೊಟ್ಟಿಯ ನೀರು ದಿನದಿನವೂ ಆವಿಯಾಗುತ್ತದೆ, ಆದರೆ ಉಪ್ಪು ಆವಿಯೊಡನೆ ಹೋಗುವುದಿಲ್ಲ; ತಗ್ಗಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರನ್ನು ತುಂಬುತ್ತ ಹೋದರೆ ತೊಟ್ಟಿ ಉಪ್ಪಿನಗದ್ದೆಯಾದೀತು. ಯಜಮಾನರಿಗೆ ಇದು ಕಂಠಪಾಠ.

ನಾವು: ಮನೆಯವರಿಂದ ಉಪದ್ರವವೇನಾದರೂ?

ಮುಳ್ಳುಚೆಂಡು: ಅಜ್ಜಿಯೊಬ್ಬರಿದ್ದಾರೆ, ಧರ್ಮಾತ್ಮರು. ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟ ನೀರು ಸರ್ವರೋಗನಿವಾರಕವೆಂದು ನಂಬಿ, ನನ್ನ ಬಡಕಲು ಕಾಲುಗಳನ್ನು ಕಂಡು ಕನಿಕರಗೊಂಡು, ಒಂದು ಪ್ರಾತಃಕಾಲ ಆ ಚೊಂಬಿನೊಡನೆ ತೊಟ್ಟಿಯ ಬಳಿ ನಿಂತಿದ್ದರು. ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ಅತ್ಯಲ್ಪ ತಾಮ್ರವೂ ವಿಷ. ಮೀನಿಗೆ ಕೊಡುವ ಔಷಧಗಳಲ್ಲಿಯೂ ಅದು ಅಡಗಿರುವುದರಿಂದ, ಮೀನಿನ ರೋಗ ವಾಸಿಯಾದ ದಿನವೇ ನಮ್ಮವರ ಉತ್ತರಕ್ರಿಯೆ ನಡೆದ ಮನೆಗಳುಂಟು.

ನಾವು: ಆಹಾರ?

ಮುಳ್ಳುಚೆಂಡು: ಕಲ್ಲಿನ ಮೇಲಿನ ಪಾಚಿ. ನಮ್ಮ ದವಡೆಯ ಯಂತ್ರವನ್ನು ಗ್ರೀಸಿನ ಅರಿಸ್ಟಾಟಲನೇ ವರ್ಣಿಸಿದ್ದು, ಇಂದಿಗೂ ವಿದ್ವಾಂಸರು ಅದನ್ನು ಅವನ ಲಾಂದ್ರವೆಂದೇ ಕರೆಯುತ್ತಾರೆ. ಮನೆಯವರು ಮಾತ್ರ ನನ್ನನ್ನು ಪಾಚಿ ಕೆರೆಯುವ ಆಳೆಂದೇ ತಂದರು. ಪಾಚಿ ಮುಗಿದ ಮೇಲೆ ಆಳಿಗೆ ಅನ್ನವೆಲ್ಲಿಂದ ಎಂಬ ಪ್ರಶ್ನೆ ತಡವಾಗಿ ಹುಟ್ಟಿತು. ಈಗ ಒಣಗಿಸಿದ ಕಡಲಸೊಪ್ಪಿನ ಹಾಳೆ ಕೊಡುತ್ತಾರೆ. ಆಳಿನ ಬೆಲೆ ಆಳಿಲ್ಲದಾಗಲೇ ತಿಳಿಯುವುದಷ್ಟೆ! 1983ರಲ್ಲಿ ಪನಾಮಾದ ಬಳಿ ಕಾಣಿಸಿಕೊಂಡ ವ್ಯಾಧಿಯೊಂದು ಕೆರಿಬಿಯನ್ ಕಡಲಿನ ನಮ್ಮ ನೀಳಮುಳ್ಳಿನ ದಾಯಾದಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕವರನ್ನು ಸುಮಾರು ಒಂದು ವರುಷದಲ್ಲಿ ಒಯ್ದಾಗ, ಕೆರೆಯುವವರಿಲ್ಲದೆ ಬೆಳೆದ ಪಾಚಿಯು ಅಲ್ಲಿನ ಹವಳದ ದಿಬ್ಬಗಳನ್ನು ಮುಚ್ಚಿಬಿಟ್ಟಿತು.

ನಾವು: ತಮಗೆ ಮೆದುಳಿಲ್ಲವೆಂದು ಕೇಳಿದ್ದೇವೆ.

ಮುಳ್ಳುಚೆಂಡು: ಬಾಯಿಯ ಸುತ್ತ ನರದ ಒಂದು ಬಳೆಯುಂಟು, ಅಷ್ಟೆ. ಆಡಳಿತವೆಲ್ಲ ವಿಕೇಂದ್ರಿತ: ಮುಳ್ಳಿನ ವಿಷಯ ಮುಳ್ಳಿಗೆ, ಕಾಲಿನದು ಕಾಲಿಗೆ. ವಿಸರ್ಜನೆಯ ಇಲಾಖೆಯು ನೆತ್ತಿಯ ಮೇಲಿದೆ. ಬಾಯಿಗೂ ಅದಕ್ಕೂ ಮುಖಪರಿಚಯವಿಲ್ಲ.

ನಾವು: ಹತ್ತಿರದಲ್ಲಿಯೇ ನೊಯ್ಯಲ್ ನದಿಯಿದೆ. ಅದರ ನೀರೂ ಉಪ್ಪೆಂದು ಪ್ರಸಿದ್ಧಿ. ಅಲ್ಲಿ ವಾಸಿಸುವ ಯೋಚನೆಯೇನಾದರೂ...

ಮುಳ್ಳುಚೆಂಡು: ವಿಚಾರಿಸಿದೆ, ಸ್ವಾಮಿ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಈ ಊರನ್ನೂ ತಿರುಪ್ಪೂರನ್ನೂ ಹಾದು ಕಾವೇರಿಯನ್ನು ಸೇರುವ ಆ ನದಿಗೆ ಉಪ್ಪನ್ನು ಕೊಟ್ಟದ್ದು ಕಡಲಲ್ಲ, ಬನಿಯನ್ನಿನ ಬಣ್ಣ. ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಅದ್ದುವ ನೀರಿಗೆ ಉಪ್ಪನ್ನು ಧಾರಾಳವಾಗಿ ಸುರಿಯಬೇಕು. ಬಣ್ಣ ಬಟ್ಟೆಯಲ್ಲಿ ನಿಲ್ಲುತ್ತದೆ, ಉಪ್ಪು ನಿಲ್ಲುವುದಿಲ್ಲ. ಬಣ್ಣವನ್ನಷ್ಟೇ ತೆಗೆದು ತಿಳಿಗೊಳಿಸಿದ ನೀರು ಕಣ್ಣಿಗೆ ಶುದ್ಧವಾಗಿಯೂ ನಾಲಗೆಗೆ ಉಪ್ಪಾಗಿಯೂ ನದಿಗೆ ಇಳಿಯಿತು. ನದಿಯ ಕೆಳಹರಿವಿನಲ್ಲಿ ರೈತರ ಉಪಕಾರಾರ್ಥವಾಗಿ 1992ರಲ್ಲಿ ಕಟ್ಟಿ ಮುಗಿಸಿದ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ಆ ನೀರು ನಿಂತಿತು, ಬಿಸಿಲಿಗೆ ಆವಿಯಾಯಿತು, ಮತ್ತೆ ಉಪ್ಪುನೀರೇ ಬಂದು ತುಂಬಿತು. ನನ್ನ ತೊಟ್ಟಿಯ ವಿಷಯದಲ್ಲಿ ಯಜಮಾನರು ಕನಸಿನಲ್ಲಿಯೂ ಮಾಡಲಾರದ ಕೆಲಸ! ಬಿಡುವ ನೀರಿನಲ್ಲಿ ಲೀಟರಿಗೆ 2,100 ಮಿಲಿಗ್ರಾಂ ಲವಣವನ್ನು ಮೀರಬಾರದೆಂಬ ನಿಯಮವೇನೋ ಇತ್ತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಬಣ್ಣದ ಕಾರ್ಖಾನೆಗಳನ್ನೇ ಮುಚ್ಚಿಸಬೇಕಾಯಿತು. ಹೊರಕ್ಕೆ ಹನಿಯನ್ನೂ ಬಿಡದೆ ನೀರನ್ನು ಮರಳಿ ಬಳಸತಕ್ಕದ್ದೆಂಬ ನಿಬಂಧನೆಯ ಮೇಲೆ ಅವು ಪುನಃ ತೆರೆದುವು. ನನಗೆ ಬೇಕಾದುದು ಲೀಟರಿಗೆ 35,000 ಮಿಲಿಗ್ರಾಂ. ರೈತರ ತೆಂಗಿಗೆ ಹೆಚ್ಚಾಗಿಯೂ ನನಗೆ ಕಡಿಮೆಯಾಗಿಯೂ ಇರುವ, ಅತ್ತ ನದಿಯೂ ಅಲ್ಲದ ಇತ್ತ ಕಡಲೂ ಅಲ್ಲದ ಆ ದ್ರವದಲ್ಲಿ ಯಾರಿಗಾಗಿ ಉಪ್ಪು ಕಲಸಿದರೋ ನಾನರಿಯೆ. ಸಾಲದುದಕ್ಕೆ, ಹಸಿರುನೀಲಿಯ ಕೆಲವು ಬಣ್ಣಗಳಿಗೆ ತಾಮ್ರವೇ ಜೀವಾಳವಂತೆ. ಅಜ್ಜಿಯ ಚೊಂಬೇ ವಾಸಿ.

ಅಷ್ಟರಲ್ಲಿ ಲವಣಮಾಪಕವನ್ನು ಹಿಡಿದು ಒಳಬಂದ ಗೃಹಸ್ಥರು, ತೊಟ್ಟಿಯ ನೀರಿನ ಒಂದು ಹನಿಯನ್ನು ಅದರ ಗಾಜಿನ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತೃಪ್ತರಾಗಿ ತಲೆದೂಗಿದರು. ನದಿಯ ಮಾತು ಅವರ ಕಿವಿಗೂ ಬಿದ್ದಿರಬೇಕು. “ನಮ್ಮ ಕಂಪನಿಯಲ್ಲಿ ಹೊಲಿಗೆ ಮಾತ್ರ ಸ್ವಾಮಿ, ಬಣ್ಣ ಹಾಕುವುದು ನಾವಲ್ಲ, ಅದನ್ನು ಹೊರಗೆ ಜಾಬ್ ವರ್ಕಿಗೆ ಕೊಡುತ್ತೇವೆ” ಎಂದರು.

“ನನ್ನದೂ ಅದೇ ಪದ್ಧತಿ,” ಎಂದಿತು ಮುಳ್ಳುಚೆಂಡು. “ನಾನು ತಿನ್ನುವುದು ಮಾತ್ರ. ತೊಟ್ಟಿಯನ್ನು ಹೊಲಸು ಮಾಡುವುದೆಲ್ಲ ನೆತ್ತಿಯ ಮೇಲಿನವರ ಜಾಬ್ ವರ್ಕು.”