ಪಿಪಿಟಿ ಸಾಹೇಬರು

ಪ್ರೊಜೆಕ್ಟರ್ ಕೈಕೊಟ್ಟಾಗ ಮಾತ್ರ ಅವರ ಬಾಯಿಂದ ಅಚ್ಚಗನ್ನಡ ಬರುತ್ತದೆ. "ಥೂ, ಇದರ ಮನೆ ಹಾಳಾಗ!" ಉಳಿದ ಹೊತ್ತಿನಲ್ಲಿ ಅವರದು ಸ್ಟ್ರಾಟೆಜಿ, ನರೇಟಿವ್, ಅಲೈನ್‌ಮೆಂಟ್, ಟಚ್‌ಪಾಯಿಂಟ್‌ಗಳ ನಡುವೆ ಅಲ್ಲೊಂದು ಇಲ್ಲೊಂದು 'ಮಾಡೋಣ' ಸಿಕ್ಕಿಸಿದ ಭಾಷೆ. ಹಿಂದೆ ಹದಿನೈದು ವರ್ಷ ಪತ್ರಿಕೆಯೊಂದರಲ್ಲಿ ವರದಿಗಾರರಾಗಿದ್ದವರು. ಆಗ ದಿನಕ್ಕೆ ನಲವತ್ತು ಪತ್ರಿಕಾ ಪ್ರಕಟಣೆಗಳನ್ನು ಓದದೆಯೇ ಬುಟ್ಟಿಗೆ ಹಾಕುತ್ತಿದ್ದರು. ಈಗ ಅವನ್ನು ಬರೆದು ಕಳಿಸುತ್ತಾರೆ. ಎರಡು ಕೆಲಸಕ್ಕೂ ಸಂಬಳ ಬಂದಿದೆ, ಎರಡನೆಯದಕ್ಕೆ ಚೆನ್ನಾಗಿ ಬಂದಿದೆ.

ಇಂಥವರು ಬೆಂಗಳೂರಿನ ಪ್ರತಿ ಕಾಫಿ ಅಂಗಡಿಯಲ್ಲೂ ಒಬ್ಬರು ಸಿಗುತ್ತಾರೆ. ವಿಸಿಟಿಂಗ್ ಕಾರ್ಡಿನ ಮೇಲೆ 'ಸ್ಟ್ರಾಟೆಜಿಕ್ ಕಮ್ಯುನಿಕೇಷನ್ ಕನ್ಸಲ್ಟೆಂಟ್' ಎಂದಿರುತ್ತದೆ. ಕೆಲಸ ಕೊಡುವ ಆಫೀಸು ಒಂದೂ ಇಲ್ಲದಿದ್ದರೂ ಕತ್ತಿನಲ್ಲಿ ಐಡಿ ಕಾರ್ಡಿನ ಪಟ್ಟಿ ನೇತಾಡುತ್ತದೆ. ಸಂಸ್ಥೆಯೊಂದು ಯಾರಿಗೆ, ಯಾವಾಗ, ಏನನ್ನು, ಯಾರ ಬಾಯಲ್ಲಿ ಹೇಳಬೇಕು ಎಂದು ಮೊದಲೇ ಲೆಕ್ಕ ಹಾಕಿಕೊಡುವುದು ಇವರ ಕಸುಬು. ಕಸುಬು ಕೆಟ್ಟದ್ದೇನಲ್ಲ. ಮದುವೆ ಮನೆಯಲ್ಲಿ ಲಗ್ನಪತ್ರಿಕೆ ಮೊದಲು ಯಾವ ದಾಯಾದಿಗೆ ಕೊಡಬೇಕು, ಯಾವ ಮಾವನಿಗೆ ಫೋನಿನಲ್ಲಿ ಹೇಳಿದರೆ ಸಿಟ್ಟು ಬರುತ್ತದೆ ಎಂದು ಕೂತು ಲೆಕ್ಕ ಹಾಕುವ ದೊಡ್ಡಮ್ಮ ಮಾಡುವುದೂ ಇದನ್ನೇ. ದೊಡ್ಡಮ್ಮನ ಹತ್ತಿರ ಸ್ಲೈಡ್ ಇರುವುದಿಲ್ಲ, ಜಿಎಸ್‌ಟಿ ನಂಬರೂ ಇಲ್ಲ.

ನಮ್ಮ ಸಾಹೇಬರನ್ನು ಒಮ್ಮೆ ಹಳೇ ಮೈಸೂರು ಕಡೆಯ ತಾಲ್ಲೂಕು ಕೇಂದ್ರವೊಂದರ ಸಹಕಾರಿ ಬ್ಯಾಂಕು ಕರೆಸಿತು. ಬ್ಯಾಂಕಿಗೆ ಹೊಸ ಸಾಫ್ಟ್‌ವೇರ್ ಬರುವುದಿತ್ತು. ಹಳೆಯ ಲೆಕ್ಕವೆಲ್ಲ ಅದಕ್ಕೆ ವರ್ಗವಾಗಲು ಶುಕ್ರವಾರ, ಶನಿವಾರ ವಹಿವಾಟು ನಿಲ್ಲಿಸಬೇಕು. ಇದನ್ನು ಊರಿಗೆ ಹೇಗೆ ಹೇಳುವುದು? ಅಧ್ಯಕ್ಷರ ಅಳಿಯನಿಗೆ ಬೆಂಗಳೂರಿನಲ್ಲಿ ಪರಿಚಯವಿದ್ದ ಕಾರಣ ಪ್ರಶ್ನೆ ತಜ್ಞರ ಮಟ್ಟಕ್ಕೆ ಏರಿತು.

ಸಭಾಂಗಣದಲ್ಲಿ ಹನ್ನೊಂದು ಮಂದಿ ನಿರ್ದೇಶಕರು, ಕಾರಾಬಾತು, ಕೇಸರಿಬಾತು. ಗೋಡೆಯಲ್ಲಿ ಸಂಸ್ಥಾಪಕರ ಫೋಟೊ, ಅದರ ಮೇಲೇ ಬಿದ್ದ ಪ್ರೊಜೆಕ್ಟರಿನ ಬೆಳಕು. ಸ್ಲೈಡುಗಳು ಒಟ್ಟು ಅರವತ್ತನಾಲ್ಕು.

"ಮೊದಲು ಹೇಳಿ, ನಮ್ಮ ಸ್ಟೇಕ್‌ಹೋಲ್ಡರ್ಸ್ ಯಾರು?"

ಯಾರೂ ಉಸಿರೆತ್ತಲಿಲ್ಲ. ಸಾಹೇಬರು ಕನ್ನಡಕ್ಕೆ ಇಳಿದು ಬಂದರು: "ಅಂದರೆ, ಪಾಲುದಾರರು ಯಾರು?"

ಹಿಂದಿನ ಸಾಲಿನಲ್ಲಿದ್ದ ಹಿರಿಯ ನಿರ್ದೇಶಕರು ಬೆಚ್ಚಿ ಎದ್ದು ಕೂತರು. "ಪಾಲುದಾರ್ರ ಇಚಾರ ಇಲ್ಯಾಕೆ ಸಾ? ಅದು ಕೋರ್ಟ್‌ನಲ್ಲೈತೆ."

ತಪ್ಪು ಆ ಯಜಮಾನರದ್ದಲ್ಲ. ಈ ಪದ ಕನ್ನಡದಲ್ಲಿ ಇನ್ನೂ ಮನೆ ಹುಡುಕುತ್ತಿದೆ. ಸರ್ಕಾರಿ ಕಾಗದದಲ್ಲಿ 'ಭಾಗೀದಾರರು', ಪತ್ರಿಕೆಯಲ್ಲಿ 'ಪಾಲುದಾರರು', ಭಾಷಣದಲ್ಲಿ 'ಸಂಬಂಧಪಟ್ಟ ಎಲ್ಲರೂ'. ಅಮೆರಿಕದ ಆರ್. ಎಡ್ವರ್ಡ್ ಫ್ರೀಮನ್ ಎಂಬ ಪ್ರಾಧ್ಯಾಪಕರು 1984ರಲ್ಲಿ ಒಂದು ಪುಸ್ತಕ ಬರೆದು ಈ ಪದವನ್ನು ಮ್ಯಾನೇಜ್‌ಮೆಂಟಿನ ಮಂತ್ರ ಮಾಡಿದರು. ಸಂಸ್ಥೆಯ ಕೆಲಸ ಯಾರಿಗೆ ತಟ್ಟುತ್ತದೆಯೋ, ಸಂಸ್ಥೆಗೆ ಯಾರು ಬಿಸಿ ಮುಟ್ಟಿಸಬಲ್ಲರೋ ಅವರೆಲ್ಲ ಆ ಲೆಕ್ಕಕ್ಕೆ ಬರುತ್ತಾರೆ ಎಂಬುದು ಅದರ ತಿರುಳು. ಹಾಗೆ ನೋಡಿದರೆ ಬ್ಯಾಂಕಿನ ಎದುರಿನ ಟೀ ಅಂಗಡಿಯವನೂ ಬರಬೇಕು. ಸಾಹೇಬರ ಪಟ್ಟಿಯಲ್ಲಿ ಅವನಿರಲಿಲ್ಲ.

ಮುಂದಿನ ಸ್ಲೈಡಿನಲ್ಲಿ ನಾಲ್ಕು ಮನೆಯ ಚೌಕ. ಮೆಂಡೆಲೊ ಎಂಬವರ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಈ ಚೌಕಕ್ಕೆ ಒಂದು ಕಡೆಯಿಂದ ಅಧಿಕಾರ, ಇನ್ನೊಂದು ಕಡೆಯಿಂದ ಆಸಕ್ತಿ. ಎರಡೂ ಹೆಚ್ಚಿದ್ದವರನ್ನು ಹತ್ತಿರ ಕೂರಿಸಿಕೊಳ್ಳಬೇಕು, ಎರಡೂ ಕಡಿಮೆ ಇದ್ದವರ ಮೇಲೆ ಸುಮ್ಮನೆ ಒಂದು ಕಣ್ಣಿಟ್ಟಿರಬೇಕು. ಶಾಸಕರನ್ನು ಎಲ್ಲಿಡುವುದು ಎಂಬುದಕ್ಕೇ ಅರ್ಧ ಗಂಟೆ ಹೋಯಿತು. ಅಧಿಕಾರ ಹೆಚ್ಚು ಎಂಬುದಕ್ಕೆ ಯಾರದೂ ತಕರಾರಿಲ್ಲ, ಆಸಕ್ತಿ ಮಾತ್ರ ಬ್ಯಾಂಕಿನ ಚುನಾವಣೆಯ ವರ್ಷದಲ್ಲಿ ಒಂದು ಥರ, ಉಳಿದ ನಾಲ್ಕು ವರ್ಷ ಇನ್ನೊಂದು ಥರ. ಸಹಕಾರ ಇಲಾಖೆಯ ಸಹಾಯಕ ನಿಬಂಧಕರು ಮೇಲಿನ ಮನೆಗೆ ಹೋದರು. ಪತ್ರಕರ್ತರೂ ಮೇಲಕ್ಕೇ ಹೋದರು. ಹಳೆಯ ಕರುಳು, ಏನು ಮಾಡುವುದು. ಸಾವಿರ ಐನೂರು ಇಟ್ಟ ಸಣ್ಣ ಠೇವಣಿದಾರರು ಕೆಳಗಿನ ಎಡ ಮೂಲೆಗೆ ಬಿದ್ದರು. ಪಿಗ್ಮಿ ಸಂಗ್ರಹಿಸುವವರನ್ನು ಎಲ್ಲಿ ಹಾಕುವುದೆಂದು ಮ್ಯಾನೇಜರು ಕೇಳಿದಾಗ ಸಾಹೇಬರು, "ಅವರು ಚಾನೆಲ್, ಸ್ಟೇಕ್‌ಹೋಲ್ಡರ್ ಅಲ್ಲ" ಎಂದರು. ಚಾನೆಲ್ ಎಂದರೆ ಟಿವಿಯವರೆಂದು ತಿಳಿದು ಅಧ್ಯಕ್ಷರು ತಲೆಯಾಡಿಸಿದರು.

ಊಟದ ಹೊತ್ತಿಗೆ ಸಾಹೇಬರಿಗೆ ಕಳೆ ಏರಿತು. ಅವರು ಓದಿಕೊಂಡವರು, ಅದನ್ನು ಒಪ್ಪಲೇಬೇಕು. 1906ರಲ್ಲಿ ಅಟ್ಲಾಂಟಿಕ್ ಸಿಟಿಯ ಬಳಿ ರೈಲು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಮಂದಿ ಸತ್ತಾಗ, ಮುಚ್ಚಿಡುವ ಬದಲು ನಡೆದದ್ದನ್ನು ಬರೆದು ಪತ್ರಿಕೆಗಳಿಗೆ ಕೊಟ್ಟ ಐವಿ ಲೀ ಕಥೆ ಹೇಳಿದರು. ಮೊದಲ ಪತ್ರಿಕಾ ಪ್ರಕಟಣೆ ಅದೇ ಎನ್ನುವುದು ವಾಡಿಕೆ. 1982ರಲ್ಲಿ ಶಿಕಾಗೊದಲ್ಲಿ ಟೈಲೆನಾಲ್ ಮಾತ್ರೆಗೆ ಯಾರೋ ಸಯನೈಡ್ ಬೆರೆಸಿ ಏಳು ಮಂದಿ ಸತ್ತಾಗ, ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ದೇಶದ ಅಂಗಡಿಗಳಿಂದ ಸುಮಾರು 3 ಕೋಟಿ 10 ಲಕ್ಷ ಬಾಟಲಿ ವಾಪಸ್ ತರಿಸಿದ್ದನ್ನು ಹೇಳಿದರು. ನಿರ್ದೇಶಕರ ಅನ್ನ ತಟ್ಟೆಯಲ್ಲೇ ಆರಿತು. ಕಥೆ ಹೇಳುವಾಗ ಸಾಹೇಬರು ನಿಜಕ್ಕೂ ಚೆನ್ನ. ಸ್ಲೈಡು ಬಂದಾಗಲೇ ಕೆಡುವುದು.

ಆಮೇಲೆ ಹಾಲಿಗೆ ಬಂದರು. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹಾಲು ಸೇರಿಸಿ 2 ರೂಪಾಯಿ ಹೆಚ್ಚಿಸಿದಾಗ, ಇದು ಬೆಲೆ ಏರಿಕೆಯಲ್ಲ, ಹೆಚ್ಚುವರಿ ಹಾಲಿನ ಬೆಲೆ ಎಂದು ಸರ್ಕಾರ ಹೇಳಿತಲ್ಲ, ಅದು ಸಾಹೇಬರ ಪ್ರಕಾರ ಮೆಸೇಜಿಂಗ್‌ನ ಮಾದರಿ. "ಎಷ್ಟು ಕ್ಲೀನ್ ನೋಡಿ!" ಎಂದು ಮೇಜು ಕುಟ್ಟಿದರು. ಸಭೆಯಲ್ಲಿದ್ದ ಒಬ್ಬರೇ ಮಹಿಳಾ ನಿರ್ದೇಶಕರು ಮಜ್ಜಿಗೆ ಲೋಟ ಕೆಳಗಿಟ್ಟು, "2025ರ ಏಪ್ರಿಲ್‌ನಾಗೆ ಆ ಐವತ್ತು ವಾಪಸ್ ಹೋಯ್ತು, ರೇಟು ವಾಪಸ್ ಬರಲಿಲ್ಲ. ನಮ್ಮನೆ ಮೊಸರಿನ ಬೋಸಿಗೆ ಗೊತ್ತು" ಎಂದರು. ಸಾಹೇಬರು ಅದನ್ನು 'ಫೀಡ್‌ಬ್ಯಾಕ್' ಎಂಬ ತಲೆಬರಹದಡಿ ಬರೆದುಕೊಂಡರು. ಕೆಳಗೆ ಎರಡು ಗೆರೆ ಎಳೆದರು.

ಸಂಜೆ ಕೊನೆಗೂ ಷಟರಿನ ಮೇಲೆ ಅಂಟಿಸುವ ನೋಟಿಸಿನ ಕೆಲಸ. ಮ್ಯಾನೇಜರು ಪೆನ್ನಿನಲ್ಲಿ ಬರೆದಿಟ್ಟಿದ್ದರು: "ಹೊಸ ಕಂಪ್ಯೂಟರ್ ಹಾಕುತ್ತಿದ್ದೇವೆ. ಶುಕ್ರವಾರ, ಶನಿವಾರ ಬ್ಯಾಂಕು ಇಲ್ಲ. ಸೋಮವಾರ ಬನ್ನಿ. ನಿಮ್ಮ ದುಡ್ಡು ಭದ್ರ."

ಸಾಹೇಬರು ಮೊದಲು ಹೊಡೆದುಹಾಕಿದ್ದು ಕೊನೆಯ ಮೂರು ಪದ. ಭದ್ರ ಎಂದರೆ ಭದ್ರವಿಲ್ಲದಿರಬಹುದು ಎಂಬ ಯೋಚನೆ ನಾವೇ ಹುಟ್ಟುಹಾಕಿದಂತೆ, ಅದು ನೆಗೆಟಿವ್ ಫ್ರೇಮಿಂಗ್. 'ಕಂಪ್ಯೂಟರ್' ತೀರಾ ಹಳತು. 'ಬ್ಯಾಂಕು ಇಲ್ಲ' ಎಂಬುದಂತೂ ಅಪಶಕುನ. ಇಷ್ಟನ್ನೆಲ್ಲ ತೆಗೆದು ಅವರು ಇಟ್ಟ ವಾಕ್ಯ ಇದು: "ಗ್ರಾಹಕಾನುಭವದ ಡಿಜಿಟಲ್ ಉನ್ನತೀಕರಣದ ಪಯಣದ ಅಂಗವಾಗಿ ಸೇವೆಗಳಿಗೆ ತಾತ್ಕಾಲಿಕ ವಿರಾಮ ಘೋಷಿಸಲಾಗಿದೆ."

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಟೀ ಅಂಗಡಿಯವನು ಅದನ್ನು ಓದಿದ. ಎರಡು ಸಲ ಓದಿದ. ತಿಳಿದದ್ದು ಎರಡೇ ಪದ, 'ವಿರಾಮ' ಮತ್ತು 'ಘೋಷಿಸಲಾಗಿದೆ'. ಒಂಬತ್ತಕ್ಕೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಷಟರಿನ ಫೋಟೊ. ಒಂಬತ್ತೂಕಾಲಿಗೆ ಅದೇ ಫೋಟೊಗೆ 'ನಮ್ಮ ಬ್ಯಾಂಕೂ ಮುಳುಗ್ತು' ಎಂಬ ತಲೆಬರಹ. ಹತ್ತಕ್ಕೆ ಮುನ್ನೂರು ಜನ. ಮಗಳ ಮದುವೆಗೆ ಇಟ್ಟವರು, ಒಡವೆ ಅಡ ಇಟ್ಟವರು, ಏನೂ ಇಡದೆ ನೋಡಲು ಬಂದವರು. ಕೆಳಗಿನ ಎಡ ಮೂಲೆಯಲ್ಲಿದ್ದವರೆಲ್ಲ ಚೌಕ ಬಿಟ್ಟು ರಸ್ತೆಗೆ ಬಂದಿದ್ದರು.

ಬಿಕ್ಕಟ್ಟು ಬಂದರೆ ಏನು ಮಾಡಬೇಕೆಂಬುದು ಮೂವತ್ತೆಂಟನೆಯ ಸ್ಲೈಡಿನಿಂದ ಶುರುವಾಗುತ್ತಿತ್ತು. ಮೊದಲು ತಾತ್ಕಾಲಿಕ ಹೇಳಿಕೆ. ಅದನ್ನು ಸಾಹೇಬರು ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಕಳಿಸಬೇಕು, ಮ್ಯಾನೇಜರು ನೋಡಬೇಕು, ವಕೀಲರು ನೋಡಬೇಕು, ಕನ್ನಡಕ್ಕೆ ತರಬೇಕು, ಉಪಾಧ್ಯಕ್ಷರು ನೋಡಬೇಕು, ಅಧ್ಯಕ್ಷರು ಸಹಿ ಹಾಕಬೇಕು. ಅಧ್ಯಕ್ಷರು ಧರ್ಮಸ್ಥಳಕ್ಕೆ ಹೋಗಿದ್ದರು. ಜನಕ್ಕೆ ಆಗ ಹೇಳಬೇಕಾಗಿದ್ದದ್ದು ಒಂದೇ ಒಂದು ಸಂಗತಿ: ಬರೀ ಪತ್ತಿನ ಸಂಘವಾಗಿದ್ದರೆ ಸಿಗದ ಠೇವಣಿ ವಿಮೆ ಸಹಕಾರಿ ಬ್ಯಾಂಕಿಗೆ ಉಂಟು, ಮೊದಲು 1 ಲಕ್ಷ ಇದ್ದದ್ದು 2020ರ ಫೆಬ್ರುವರಿಯಿಂದ 5 ಲಕ್ಷ ಆಗಿದೆ. ಅದು ನಲವತ್ತೊಂದನೆಯ ಸ್ಲೈಡಿನಲ್ಲಿತ್ತು, ಕೆಳಗೆ, ಇರುವೆ ಅಕ್ಷರದಲ್ಲಿ.

ಅಷ್ಟರಲ್ಲಿ ಟಿವಿಎಸ್ ಎಕ್ಸೆಲ್ ಒಂದು ಪಟಪಟ ಎಂದು ಬಂತು. ಹೆಗಲಿಗೆ ರೆಕ್ಸಿನ್ ಚೀಲ, ಕೈಯಲ್ಲಿ ಪುಟ್ಟ ಮೆಷಿನ್ನು. ಪಿಗ್ಮಿ ಸಂಗ್ರಹಿಸುವಾತ.

ಈ ಪಿಗ್ಮಿ ನಮ್ಮ ಕರಾವಳಿಯ ಕೂಸು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆ ಬಾಗಿಲಿಗೆ ಬಂದು ಇಸಿದುಕೊಂಡು ಹೋಗುತ್ತಿದ್ದರು. ಡಾ. ಟಿ.ಎಂ.ಎ. ಪೈ ಅವರು ಯಾವ ಚೌಕ ಬರೆದು ಯೋಚಿಸಿದರೋ ಕಾಣೆ, ಎಡ ಮೂಲೆಯವರ ಮನೆಗೆ ದಿನಾ ಒಬ್ಬ ಮನುಷ್ಯನನ್ನು ಕಳಿಸುವ ಏರ್ಪಾಡಂತೂ ಆಯಿತು. ಬ್ಯಾಂಕಿನ ಪರವಾಗಿ ದಿನಕ್ಕೆ ಇನ್ನೂರು ಅಂಗಡಿ ಹತ್ತಿಳಿಯುವ, ಕಮಿಷನ್ ಮೇಲೆ ಬದುಕುವ ಈತನಿಗೆ ಹೂವಿನವಳ ಮೊಣಕಾಲು ನೋವೂ ಗೊತ್ತು, ಸೈಕಲ್ ಶಾಪಿನವನ ಸಾಲವೂ ಗೊತ್ತು.

ಆತ ಗಾಡಿಗೆ ಸ್ಟ್ಯಾಂಡ್ ಹಾಕಲಿಲ್ಲ. ಒಂದು ಕಾಲು ನೆಲಕ್ಕೆ ಊರಿಯೇ ಕೂಗಿ ಹೇಳಿದ. "ಕಂಪೂಟ್ರು ಬದಲಾಯಿಸ್ತಾವ್ರೆ ಕಣ್ರಪ್ಪ! ಸೋಮವಾರ ತೆಗೀತಾರೆ. ನನ್ ಮಗಳ ಮದ್ವೆ ದುಡ್ಡೂ ಅಲ್ಲೇ ಐತೆ. ಮುಳುಗಿದ್ರೆ ನಾನು ಇಲ್ಲಿ ನಿಂತಿರ್ತಿದ್ನಾ?" ಆಮೇಲೆ ಹೂವಿನವಳ ಕಡೆ ತಿರುಗಿ, "ಅಕ್ಕಾ, ಇವತ್ತಿನ ಐವತ್ತು ಕೊಡು, ರಸೀತಿ ಕೊಡ್ತೀನಿ" ಎಂದ. ಅವಳು ಒಂದು ಗಳಿಗೆ ಅವನ ಮುಖ ನೋಡಿದಳು, ಸೆರಗಿನ ಗಂಟು ಬಿಚ್ಚಿದಳು. ಮೆಷಿನ್ನು ಕಿರ್ ಎಂದು ಚೀಟಿ ಕಕ್ಕಿತು. ಐವತ್ತು ರೂಪಾಯಿ ಒಳಗೆ ಹೋದದ್ದನ್ನು ಮುನ್ನೂರು ಜನ ನೋಡಿದರು. ಹನ್ನೊಂದೂವರೆಗೆ ರಸ್ತೆ ಖಾಲಿ, ಟೀ ಅಂಗಡಿಯಲ್ಲಿ ಹಾಲೂ ಖಾಲಿ.

ತಾತ್ಕಾಲಿಕ ಹೇಳಿಕೆ ಸಂಜೆ ಐದೂವರೆಗೆ ಬಿಡುಗಡೆಯಾಯಿತು. ಬ್ಯಾಂಕು ತನ್ನ ಎಲ್ಲ ಭಾಗೀದಾರರ ಹಿತಕ್ಕೆ ಬದ್ಧವಾಗಿದೆ ಎಂದು ಅದರಲ್ಲಿತ್ತು. ಮರುದಿನ ಒಂದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಅಡಿಕೆ ಧಾರಣೆಯ ಕೆಳಗೆ. ಉಳಿದವು ಬುಟ್ಟಿಗೆ ಹೋಗಿರಬೇಕು.

ಹದಿನೈದು ದಿನದ ಮೇಲೆ ಸಾಹೇಬರು ವರದಿ ಮತ್ತು ಬಿಲ್ಲು ಎರಡನ್ನೂ ಹಿಡಿದು ಬಂದರು. ವರದಿಯ ಒಂಬತ್ತನೆಯ ಪುಟದಲ್ಲಿ ಆ ಶುಕ್ರವಾರಕ್ಕೆ 'ಸಮುದಾಯ ಪ್ರಭಾವಿಗಳ ಸಕಾಲಿಕ ಸಕ್ರಿಯಗೊಳಿಸುವಿಕೆ' ಎಂದು ಹೆಸರಿಟ್ಟಿದ್ದರು, ಪಕ್ಕದಲ್ಲಿ ಹಸಿರು ಟಿಕ್ ಮಾರ್ಕು. ಮ್ಯಾನೇಜರು ಓದಿ, ಏನೂ ಹೇಳದೆ, ಚೆಕ್ಕು ಬರೆದರು. ಒಳ್ಳೆಯ ಮನುಷ್ಯ.

ಚೆಕ್ಕು ಜೇಬಿಗಿಟ್ಟು ಟೀ ಕುಡಿಯಲು ದಾಟಿದ ಸಾಹೇಬರಿಗೆ ಅಲ್ಲಿ ಪಿಗ್ಮಿಯವ ಸಿಕ್ಕಿದ. ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು, ಮುಂದಿನ ಸಂಸ್ಥೆಗೆ ತೋರಿಸಲು. ಅವನು ಬಿಡಲಿಲ್ಲ. "ನೀವೂ ಒಂದು ಪಿಗ್ಮಿ ಮಾಡ್ಸಿ ಸಾ, ದಿನಕ್ಕೆ ನೂರು." ತಾವು ಬೆಂಗಳೂರಿನವರು ಎಂದು ಸಾಹೇಬರು ಹೇಳಿದರೆ, "ನಿಮ್ ಕೆಲಸ ನಮ್ಮೂರಲ್ಲಿ ಇನ್ನೂ ಆರು ತಿಂಗ್ಳು ಐತಂತೆ, ಮ್ಯಾನೇಜ್ರು ಅಂದ್ರು" ಎಂದು ಅರ್ಜಿ ತೆಗೆದೇಬಿಟ್ಟ. ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಬರೆದಾಯಿತು.

"ನಾಮಿನಿ ಯಾರ್ದು ಹಾಕ್ಲಿ ಸಾ?"

ಸಾಹೇಬರ ಪೆನ್ನು ನಿಂತಿತು. ಫೋನ್ ತೆಗೆದು ರಸ್ತೆಯ ಅಂಚಿಗೆ ಹೋದರು. "ಹಲೋ, ನೋಡು, ನಿನ್ನ ಹೆಸರು ಆಧಾರ್‌ನಲ್ಲಿ ಹೇಗಿದೆ... ಅಲ್ಲ, ಏನಿಲ್ಲ, ಸಣ್ಣದೊಂದು ಅಕೌಂಟ್... ಯಾವ ಊರು ಅಂದ್ರೆ... ಮೊದಲೇ ಹೇಳಿದ್ದೆ ಅಲ್ವಾ? ಹೇಳಿರಲಿಲ್ವಾ?"

ಪಿಗ್ಮಿಯವ ಅರ್ಜಿಯನ್ನು ಟೀ ಲೋಟದ ಕೆಳಗೆ ಸಿಕ್ಕಿಸಿ, ಅಷ್ಟರಲ್ಲಿ ಪಕ್ಕದ ಸೈಕಲ್ ಶಾಪಿಗೆ ಹೋಗಿ ಬಂದ. ಸಾಹೇಬರು ಇನ್ನೂ ಫೋನಿನಲ್ಲೇ ಇದ್ದರು.