ಸೆಟ್ ಕಾಕಾ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಯಾವ ಬಸ್‌ಸ್ಟ್ಯಾಂಡಿಗೆ ಹೋದರೂ ಚಾದಂಗಡಿಯ ಬೆಂಚಿನ ಮೇಲೆ ಒಬ್ಬ ಸೆಟ್ ಕಾಕಾ ಕೂತಿರುತ್ತಾನೆ. ಬಿಳಿ ಅಂಗಿ, ಕಂಕುಳಲ್ಲಿ ರೆಕ್ಸಿನ್ ಚೀಲ. ಚೀಲದಲ್ಲಿ ಒಬ್ಬರ ಪಹಣಿ, ಇನ್ನೊಬ್ಬರ ಮಗಳ ಫೋಟೋ, ಮತ್ತೊಬ್ಬರ ಮೋಟಾರಿನ ಬಿಲ್ಲು. ಏನು ಉದ್ಯೋಗ ಎಂದು ಕೇಳಿದರೆ ಸವಣೂರೆಲೆಯ ತೊಟ್ಟು ಮುರಿಯುತ್ತ, 'ಏನಿಲ್ರಿ, ಹಿಂಗ ಮಂದೀದು ಸೆಟ್ ಮಾಡಿಕೊಡೋದು' ಎನ್ನುತ್ತಾನೆ.

1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ನುಂಗಿದ್ದು ಇದೇ ಸೆಟ್. ಕ್ರಿಯಾಪದವೊಂದಕ್ಕೇ ಸುಮಾರು 430 ಅರ್ಥ. ಆ ಪಂಡಿತರು ಒಂದು ಸಲ ಹಾನಗಲ್ಲ ಸಂತೆ ಸುತ್ತಿದ್ದರೆ ಇನ್ನೊಂದು ಸಂಪುಟ ಅಚ್ಚು ಹಾಕಿಸಬೇಕಾಗುತ್ತಿತ್ತು. ಹೊಲಕ್ಕೆ ಪಂಪ್‌ಸೆಟ್, ಹೋಟೆಲ್ಲಿನಲ್ಲಿ ಸೆಟ್ ದೋಸೆ, ಅಜ್ಜನಿಗೆ ಹಲ್ಲಿನ ಸೆಟ್. ಊಟ ಹೆಚ್ಚಾದರೆ 'ಹೊಟ್ಟಿ ಸೆಟ್ ಇಲ್ಲ', ಅತ್ತೆ-ಸೊಸೆ ಮುಖ ತಿರುವಿದರೆ 'ಇಬ್ಬರಿಗೂ ಸೆಟ್ ಆಗವಲ್ದು'.

ಕಾಕಾನ ಸೆಟ್ಟಿಗೆ ಮಾತ್ರ ಬೇರೆಯದೇ ವ್ಯಾಕರಣ. 'ಸೆಟ್ ಆಗೇತಿ' ಎಂದರೆ ಮಾತಾಡಿ ಬಂದಿದ್ದಾನೆ, ಕೆಲಸ ಆಗಿಲ್ಲ. 'ಸೆಟ್ ಆಗಾಕತ್ತೈತಿ' ಎಂದರೆ ಮಾತೂ ಆಡಿಲ್ಲ. ದನಿ ಇಳಿಸಿ 'ಸ್ವಲ್ಪ ಸೆಟ್ ಮಾಡಬೇಕಾಕ್ಕೈತಿ' ಎಂದನೋ, ನೀವು ಕಿಸೆಗೆ ಕೈ ಹಾಕಬೇಕು. ಮೂರರಲ್ಲಿ ಇದೊಂದೇ ಪ್ರಾಮಾಣಿಕ ಮಾತು.

ಮೊನ್ನೆ ಶಿಗ್ಗಾವಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ. ಹಿರೇಕೆರೂರಿನ ರೈತನೊಬ್ಬನ ಬೋರಿನ ಮೋಟಾರು ಸುಟ್ಟಿದ್ದನ್ನು ಪಕ್ಕದವನಿಗೆ ವರ್ಣಿಸುತ್ತಿದ್ದಾಗಲೇ ಫೋನು ಬಂತು. ನಂಬರು ನೋಡದೆ ಕಿವಿಗೆ ಹಚ್ಚಿದ. ಆ ಕಡೆಯ ದನಿ ಇಡೀ ಬಸ್ಸಿಗೆ ಕೇಳುವಷ್ಟಿತ್ತು.

'ಕಾಕಾರ, ಆ ಸೆಟ್ ಏನಾತ್ರಿ?'

'ಮುಂಜಾನೆ ಎತ್ತಿಸಿ ನೋಡೇನ್ರಿ. ಮ್ಯಾಲ ಬಣ್ಣ ಛಲೋ ಐತಿ, ಒಳಗ ಪೂರಾ ಸುಟ್ಟೈತಿ.'

'ಅಯ್ಯ ಶಿವನ! ಡಾಕ್ಟ್ರಿಗೆ ತೋರಿಸ್ಯಾರೇನ್ರಿ?'

'ಡಾಕ್ಟ್ರು ಯಾಕ್ರಿ, ವೈಂಡಿಂಗ್ ಮಾಡಿಸಿದ್ರ ಇನ್ನೆರಡು ವರ್ಷ ಚಿಂತಿಲ್ಲ. ಆಮ್ಯಾಲ ಇದನ್ನ ಗುಜರಿಗೆ ಹಾಕಿ ಹೊಸಾದು ಇಳಿಸಿದ್ರಾತು.'

'ಎರಡು ವರ್ಷಕ್ಕೊಬ್ಬ ಅಳಿಯಾನ್ನ ಎಲ್ಲಿಂದ ತರ್ಲಿ ಮಾರಾಯಾ?'

ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ನಿಂತ. ಕಾಕಾ ಫೋನನ್ನು ಕಿವಿಯಿಂದ ತೆಗೆದು, ಮಾರುದ್ದ ಹಿಡಿದು, ಕಣ್ಣು ಕಿರಿದು ಮಾಡಿ ಹೆಸರು ಓದಿದ. ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ.

'ಓಹೋ, ಸವಣೂರ ಯಜಮಾನ್ರೇನ್ರಿ! ಅದು ಬ್ಯಾರೆ ಸೆಟ್ ಬಿಡ್ರಿ. ನಿಮ್ದು ಆಗಾಕತ್ತೈತಿ.'